ಸ್ಕ್ರೂಗಳನ್ನು ಎಲೆಗೆ ಬಡಿಸುತ್ತಿದ್ದ ಮೇಷ್ಟ್ರು

ಮೇಷ್ಟ್ರ ತಿಥಿಯ ಊಟಕ್ಕೆ ಕೂತಾಗ ನನ್ನ ಎಡಗಡೆಯವರು "ದೇವ್ರಂತ ಮನ್ಸ" ಅಂದರು. ಬಲಗಡೆಯವರು ಪಾಯಸ ಹೀರುತ್ತ "ಒಂದ್ ಇರುವೆಗೂ ನೋವ್ ಮಾಡ್ದೋರಲ್ಲ" ಅಂದರು. ಎರಡೂ ಸುಳ್ಳು. ಇರುವೆಯ ವಿಷಯವಂತೂ ಶುದ್ಧ ಸುಳ್ಳು. ಆಲೆಮನೆಯೊಂದರ ಕಂಪ್ಯೂಟರಿನೊಳಗೆ ಬೆಲ್ಲದ ಪುಡಿಗೆ ಕಟ್ಟಿಕೊಂಡಿದ್ದ ಇರುವೆ ಸಂಸಾರವನ್ನು ಮೇಷ್ಟ್ರು ಸೈಕಲ್ ಪಂಪಿನಿಂದ ಊದಿ ಉರುಳಿಸಿ, ಗುಡಿಸಿ, ಆಲೆಮನೆ ಮಾಲೀಕನ ಅಂಗೈಗೆ ಸುರಿದು "ಇವೆಲ್ಲ ನಿನ್ ಕಡೆಯೋರೇ, ಮನೆಗ್ ಕರ್ಕಂಡೋಗು" ಅಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಒಪ್ಪಿದೆ. ಆದರೆ ಇಲ್ಲದ ಗುಣವನ್ನು ಸೇರಿಸಿ ಹೊಗಳಿದರೆ ಇದ್ದ ಗುಣದ ಬೆಲೆ ಇಳಿದುಬಿಡುತ್ತದೆ. ಇದು ವ್ಯಾಪಾರದ ನಿಯಮ. ಮೇಷ್ಟ್ರು ಸಿಡುಕರು, ಹಟಮಾರಿ, ಬಾಯಿ ಕೆಟ್ಟದ್ದು. ಎದುರಿಗೆ ಕೂತವನ ಮರ್ಯಾದೆಯನ್ನು ಒಂದೊಂದೇ ಎಳೆಯಾಗಿ ಬಿಚ್ಚುವುದರಲ್ಲಿ ಅವರಿಗೆ ಸಿಗುತ್ತಿದ್ದ ಸುಖ ಊಟದಲ್ಲೂ ಸಿಗುತ್ತಿರಲಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ನಂಬಲು ನಿಮಗೆ ಸುಲಭವಾಗುತ್ತದೆ.

ಅವರ ಹೆಸರು ಬೇಡ. ನಾಲ್ಕು ತಾಲ್ಲೂಕಿನಲ್ಲಿ ಎಲ್ಲರಿಗೂ ಅವರು ಬರೀ ಮೇಷ್ಟ್ರು. ಪೂರ್ತಿ ಹೆಸರನ್ನು ನಾನು ಮೊದಲ ಸಲ ಓದಿದ್ದು ತಿಥಿಯ ಕಾರ್ಡಿನಲ್ಲಿ. ಯಾರೋ ಬೇರೆಯವರು ಸತ್ತಿದ್ದಾರೆ ಅಂದುಕೊಂಡು ಕಾರ್ಡನ್ನು ಪಕ್ಕಕ್ಕಿಟ್ಟಿದ್ದೆ.

ನನ್ನದು ಹಳೆಯ ಕಂಪ್ಯೂಟರ್ ವ್ಯಾಪಾರ. ಅಂಗಡಿ ಕೆ.ಆರ್. ಪೇಟೆಯಲ್ಲಿ. ಶುರು ಮಾಡಿದ್ದು ಸೈಕಲ್ಲಿನ ಮೇಲೆ ಗುಜರಿ ಹೇರಿಕೊಂಡು. ಅದಕ್ಕೇ ಮೇಷ್ಟ್ರು ಕೊನೆಯವರೆಗೂ ನನ್ನನ್ನು 'ಲೇ ಗುಜರಿ' ಅಂತಲೇ ಕರೆದರು. ಬೆಂಗಳೂರಿನ ಆಫೀಸುಗಳು ಹರಾಜಿಗೆ ಹಾಕಿದ ಕಂಪ್ಯೂಟರುಗಳನ್ನು ಒಟ್ಟಾಗಿ ಎತ್ತಿಕೊಂಡು ಬಂದು, ಒರೆಸಿ, ಶ್ರೀರಂಗಪಟ್ಟಣ, ಪಾಂಡವಪುರ, ನಮ್ಮ ಪೇಟೆ, ನಾಗಮಂಗಲದ ಜೆರಾಕ್ಸ್ ಅಂಗಡಿ, ಸ್ಟುಡಿಯೋ, ಆಲೆಮನೆಗಳಿಗೆ ಮಾರುತ್ತೇನೆ. ಯಂತ್ರದ ಬೆಲೆ ನನಗೆ ಗೊತ್ತು, ಒಳಗೇನಿದೆ ಅನ್ನುವುದು ಅಷ್ಟಕ್ಕಷ್ಟೆ. ಮೇಷ್ಟ್ರಿಗೆ ಒಳಗಿನದೆಲ್ಲ ಗೊತ್ತು, ಬೆಲೆ ಗೊತ್ತಿಲ್ಲ. ಇಂಥ ಇಬ್ಬರು ಸೇರಿದರೆ ಒಳ್ಳೆಯ ವ್ಯಾಪಾರ ಆಗಬೇಕು. ಆಗಲಿಲ್ಲ. ಪಾಲುದಾರರಾಗೋಣ ಅಂತ ನಾನು ಮೂರು ಸಲ ಕೇಳಿದೆ. ಮೂರು ಸಲವೂ ಅವರು "ನಿನ್ ಜತೆ ಬಸ್ಸಲ್ಲಿ ಒಂದೇ ಸೀಟಲ್ಲೂ ಕೂರಲ್ಲ, ನಡಿ" ಅಂದರು.

ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಟೈಪಿಂಗ್ ಕಲಿಯುವವರೇ ಇಲ್ಲವಾದಾಗ ಬೇರೆಯವರಾಗಿದ್ದರೆ ಬಾಗಿಲು ಹಾಕಿ ಊರಿನ ಗದ್ದೆ ನೋಡಿಕೊಳ್ಳಲು ಹೋಗುತ್ತಿದ್ದರು. ಮೇಷ್ಟ್ರು ಒಂದು ಕೆಟ್ಟ ಕಂಪ್ಯೂಟರ್ ತಂದು ಬಿಚ್ಚಿದರು. ವಾಪಸ್ ಜೋಡಿಸಲು ನಾಲ್ಕು ತಿಂಗಳು ಹಿಡಿಯಿತಂತೆ. ಆಮೇಲೆ ಅವರ ಕೈಗೆ ಸಿಕ್ಕದೆ ಉಳಿದ ಕಂಪ್ಯೂಟರ್ ನಮ್ಮ ಕಡೆ ಇಲ್ಲ. ಬಾಗಿಲ ಮೇಲಿನ ಬೋರ್ಡು ಮಾತ್ರ ಬದಲಾಗಲಿಲ್ಲ. ಎರಡೇ ಬೆರಳಲ್ಲಿ ಕೀಲಿ ಒತ್ತುವವರನ್ನು ಕಂಡರೆ ಅವರ ಮುಖ ಹುಳಿ ತಿಂದಂತಾಗುತ್ತಿತ್ತು. "ಏನ್ಲಾ ಅದು, ಕೋಳಿ ಕಾಳ್ ಹೆಕ್ದಂಗೆ" ಅನ್ನುವರು. ಅವರು ನನ್ನ ಅಂಗಡಿಗೆ ಬಂದಾಗಲೆಲ್ಲ ನಾನು ಕೀಬೋರ್ಡಿನಿಂದ ಕೈ ಎತ್ತಿ ಬೀಡಿ ಹಚ್ಚುತ್ತಿದ್ದೆ.

ಅವರು ಯಂತ್ರ ಬಿಚ್ಚುವ ರೀತಿಯನ್ನು ಹೇಳಲೇಬೇಕು. ಪಕ್ಕದಲ್ಲಿ ಒಂದು ಮುತ್ತುಗದ ಎಲೆ ಹಾಸಿಕೊಳ್ಳುತ್ತಿದ್ದರು, ಊಟದ ಎಲೆಯೇ. ಬಿಚ್ಚಿದ ಸ್ಕ್ರೂಗಳನ್ನು ಅದಕ್ಕೆ ಬಡಿಸುತ್ತ ಹೋಗುವರು. ಹೊರಗಿನ ಮುಚ್ಚಳದವು ಉಪ್ಪಿನ ಜಾಗಕ್ಕೆ, ಹಾರ್ಡ್ ಡಿಸ್ಕಿನವು ಪಲ್ಯದ ಜಾಗಕ್ಕೆ, ಮದರ್‌ಬೋರ್ಡಿನವು ಅನ್ನ ಬೀಳುವ ನಡುವಿಗೆ. ಎಲ್ಲಿಯದು ಅಂತ ತಿಳಿಯದ ಸ್ಕ್ರೂ ಬಂದರೆ ಉಪ್ಪಿನಕಾಯಿಯ ಜಾಗಕ್ಕೆ. ಊಟದ ಎಲೆಯಲ್ಲಿ ಯಾವುದು ಎಲ್ಲಿ ಅಂತ ಕುಡುಕನಿಗೂ ಗೊತ್ತಿರುತ್ತದೆ, ಅದಕ್ಕಿಂತ ಒಳ್ಳೆಯ ನಕ್ಷೆ ಬೇಕೆ ಅನ್ನುವುದು ಅವರ ವಾದ. ಕೆಲಸ ಮುಗಿದಾಗ ಎಲೆ ಖಾಲಿಯಾಗಿರಬೇಕು. "ಎಲೇಲಿ ಬುಟ್ಟು ಏಳ್ಬಾರ್ದು ಕಣ್ಲಾ" ಅನ್ನುವರು. ಅಲ್ಲಿಯವರೆಗೆ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ.

ಅವರ ಹತ್ತಿರ ಚೌಕಾಸಿ ಮಾಡಲು ಆಗುತ್ತಿರಲಿಲ್ಲ. ಮೂವತ್ತು ವರ್ಷದ ನನ್ನ ಅನುಭವ ಅವರ ಮುಂದೆ ಮೂರು ಕಾಸಿಗೂ ಬರಲಿಲ್ಲ. ನೀವು 'ಒಸಿ ಕಮ್ಮಿ ಮಾಡ್ಕಳಿ' ಅಂದಿರೋ, ಅವರು ಬಾಯಿ ಬಿಡುತ್ತಿರಲಿಲ್ಲ. ಎಲೆಯಿಂದ ಒಂದು ಸ್ಕ್ರೂ ಎತ್ತಿ ಇನ್ನೂ ರಿಪೇರಿಯಾಗದ ಯಂತ್ರಕ್ಕೆ ವಾಪಸ್ ತಿರುಗಿಸಲು ಶುರು ಮಾಡುವರು. ಇನ್ನೊಂದು ಮಾತಾಡಿದರೆ ಇನ್ನೊಂದು ಸ್ಕ್ರೂ. ನಾಲ್ಕನೆಯದರ ಹೊತ್ತಿಗೆ ಎಂಥ ಗಿರಾಕಿಯಾದರೂ "ಆಯ್ತು ಮೇಷ್ಟ್ರೇ, ಬಿಚ್ಚಿ" ಅನ್ನುತ್ತಿದ್ದ. ಚೌಕಾಸಿ ಕಲಿಯಬೇಕೆನ್ನುವವರಿಗೆ ನನ್ನದೊಂದು ಸಲಹೆ: ಹೆಚ್ಚು ಮಾತಾಡುವವನನ್ನು ನೋಡಿ ಕಲಿಯಬೇಡಿ. ಎದ್ದು ಹೋಗಲು ನಿಜವಾಗಿಯೂ ಸಿದ್ಧನಿರುವವನನ್ನು ನೋಡಿ ಕಲಿಯಿರಿ.

ಗಿರಾಕಿ ಬಂದ ಕೂಡಲೇ ಯಂತ್ರವನ್ನೂ ಮುಟ್ಟುತ್ತಿರಲಿಲ್ಲ. ಸ್ಟೂಲು ತೋರಿಸಿ "ಏನ್ ಮಾಡ್ದೆ ಯೋಳು" ಅನ್ನುವರು. ಎಲ್ಲರ ಉತ್ತರ ಒಂದೇ: "ನಾನೇನೂ ಮಾಡ್ಲಿಲ್ಲ ಮೇಷ್ಟ್ರೇ, ಅದೇ ನಿಂತೋಯ್ತು."

"ಬ್ಯಾಸ್ರಾಗಿ ನಿಂತ್ಕಳಕೆ ಅದೇನ್ ಎತ್ತೇನ್ಲಾ? ಸರ್ಯಾಗ್ ಯೋಳು."

ನಾಗಮಂಗಲದ ಜೆರಾಕ್ಸ್ ಅಂಗಡಿಯವನೊಬ್ಬ ಮೂರನೇ ಸಲ ಕೇಳಿದ ಮೇಲೆ, ಕಂಪ್ಯೂಟರಿನ ಮೇಲೆ ಸಾರು ಚೆಲ್ಲಿದ್ದನ್ನು ಒಪ್ಪಿಕೊಂಡ.

"ಏನ್ ಸಾರು?" ಅಂದರು ಮೇಷ್ಟ್ರು.

"ಅದ್ಯಾಕ್ ಬುಡಿ ಮೇಷ್ಟ್ರೇ."

"ಯಾಕ್ ಬುಡ್ಲಿ, ಉಪ್ಪು ಎಷ್ಟ್ ಬಿದ್ದದೆ ಅಂತ ಗೊತ್ತಾಗ್ಬೇಕು."

"ಉಪ್ಸಾರು."

"ಅಂಗಾದ್ರೆ ಬೋರ್ಡ್ ಓಯ್ತು. ಮುದ್ದೆ ಬಿದ್ದಿದ್ರೆ ಉಳೀತಿತ್ತು."

ಯಂತ್ರ ಸುಳ್ಳು ಹೇಳುವುದಿಲ್ಲ, ಹೇಳಲು ಅದಕ್ಕೆ ಬಾಯಿಲ್ಲ, ಬಾಯಿರುವವನನ್ನು ಮೊದಲು ರಿಪೇರಿ ಮಾಡಬೇಕು ಅಂತ ಅವರು ಹೇಳುತ್ತಿದ್ದರು. ಆ ರಿಪೇರಿ ನನಗೆ ಆದದ್ದು ಕಿಕ್ಕೇರಿಯಲ್ಲಿ, ಒಂದು ಶುಕ್ರವಾರ. ಡಿಸ್ಕು ಹಾಕಿಯೇ ಕಂಪ್ಯೂಟರಿಗೆ ಜೀವ ಕೊಡುತ್ತಿದ್ದ ಕಾಲ ಅದು.

ಕಿಕ್ಕೇರಿಯ ಜಯಮ್ಮನಿಗೆ ನಾನು ಜಯಕ್ಕ ಅನ್ನುತ್ತೇನೆ. ಅವಳದು ಟೈಲರ್ ಅಂಗಡಿ. ಚೆನ್ನಾಗಿ ಹೊಲಿಯುತ್ತಾಳೆ, ಅದಕ್ಕಿಂತ ಚೆನ್ನಾಗಿ ಚೌಕಾಸಿ ಮಾಡುತ್ತಾಳೆ. ಪಹಣಿ, ಜಾತಿ ಸರ್ಟಿಫಿಕೇಟು, ಪಿಂಚಣಿ ಅರ್ಜಿ ಹಾಕಿಕೊಡುವ ಒಂದು ಸೇವಾ ಕೇಂದ್ರಕ್ಕೆ ಆ ಹೋಬಳಿಯಲ್ಲಿ ಅನುಮತಿ ಕೊಡುತ್ತಾರೆ ಅಂತ ತಿಳಿದು ಅರ್ಜಿ ಹಾಕಿ, ನನ್ನ ಹತ್ತಿರ ಕಂಪ್ಯೂಟರ್ ಕೊಂಡಿದ್ದಳು. ಅವತ್ತು ಅವಳು ಬೆಲೆಯಲ್ಲಿ ನನ್ನನ್ನು ಎಲುಬು ಕಾಣುವಷ್ಟು ಕೆರೆದಿದ್ದಳು.

ಇಲ್ಲಿ ನನ್ನ ವ್ಯಾಪಾರದ ಒಂದು ಪದ್ಧತಿ ಹೇಳಬೇಕು. ಬಸ್ ಸ್ಟ್ಯಾಂಡಿನಲ್ಲಿ ದೇವರ ಸ್ಟಿಕ್ಕರುಗಳು ಹಾಳೆಗಟ್ಟಲೆ ಸಿಗುತ್ತವೆ. ನನ್ನ ಅಂಗಡಿಯಿಂದ ಹೊರಟ ಪ್ರತಿಯೊಂದು ಯಂತ್ರಕ್ಕೂ ಒಂದು ದೇವರು ಇರುತ್ತಿತ್ತು. ಗೀರು ಬಿದ್ದ ಕಡೆ ಲಕ್ಷ್ಮಿ, ಬಿರುಕು ಬಿಟ್ಟ ಕಡೆ ಗಣೇಶ. ಗಿರಾಕಿಗೂ ಸಂತೋಷ, ನನಗೂ ನೆಮ್ಮದಿ. ಯಾಕೆಂದರೆ ನಮ್ಮ ಕಡೆ ಯಾರೂ ದೇವರನ್ನು ಉಗುರಿನಿಂದ ಕೆರೆದು ಹಿಂದೇನಿದೆ ಅಂತ ನೋಡುವುದಿಲ್ಲ. ಜಯಕ್ಕನ ಕಂಪ್ಯೂಟರಿನಲ್ಲಿ ಲಕ್ಷ್ಮಿ ಇದ್ದದ್ದು ಡಿಸ್ಕು ಹಾಕುವ ಡ್ರೈವಿನ ಮೂತಿಯ ಮೇಲೆ. ಅವಳು ದಿನಾ ಬೆಳಿಗ್ಗೆ ಅದಕ್ಕೆ ಕುಂಕುಮ ಇಡುತ್ತಿದ್ದಳು.

ಎಂಟು ತಿಂಗಳು ಕಳೆದು ತಾಲ್ಲೂಕು ಆಫೀಸಿನಿಂದ ಸುದ್ದಿ ಬಂತು: ಶುಕ್ರವಾರ ಮೂರು ಗಂಟೆಗೆ ಸಾಹೇಬರು ಬಂದು ನೋಡುತ್ತಾರೆ. ಕಂಪ್ಯೂಟರ್ ನಡೆಯಬೇಕು, ಎದುರಿಗೇ ಒಂದು ಅರ್ಜಿ ಟೈಪ್ ಮಾಡಿ ಪ್ರಿಂಟ್ ತೆಗೆಯಬೇಕು. ಇಲ್ಲದಿದ್ದರೆ ಅವತ್ತೇ ಅನುಮತಿ ಎರಡನೇ ಅರ್ಜಿದಾರನಿಗೆ. ಆ ಎರಡನೆಯವನು ಪಂಚಾಯ್ತಿಯ ಮಾಜಿ ಸದಸ್ಯನೊಬ್ಬನ ಬಾಮೈದ. ಅವನು ಆಗಲೇ ಬೀದಿಯ ತುದಿಯಲ್ಲಿ ಮಳಿಗೆ ಹಿಡಿದು, ಸುಣ್ಣ ಹೊಡೆಸಿ, ಕಾಯುತ್ತ ಕೂತಿದ್ದ.

ಗುರುವಾರ ಸಾಯಂಕಾಲ ಜಯಕ್ಕನ ಫೋನು. "ಅಣ್ಣ, ನೀನ್ ಕೊಟ್ಟ ಮಿಷನ್ನು ಕಣ್ ಮುಚ್ಕಂಡದೆ. ನಾಳೆ ಸಾಹೇಬ್ರು ಬತ್ತಾರೆ. ನೀನ್ ಬತ್ತೀಯೋ, ನಾನೇ ಮಿಷನ್ ಎತ್ಕಂಡ್ ನಿನ್ ಅಂಗ್ಡಿ ಮುಂದೆ ಕೂತ್ಕಳ್ಲೋ?"

ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಹೋದೆ. ಕರೆಂಟು ಹೋಗಿ ಬಂದು ಆಡಿದ್ದರಲ್ಲಿ ಒಳಗಿನ ಸಿಸ್ಟಮ್ಮು ಕೆಟ್ಟು, ಕಪ್ಪು ಪರದೆಯ ಮೇಲೆ ಒಂದು ಸಾಲು ಇಂಗ್ಲಿಷ್ ಮಾತ್ರ ನಿಂತಿತ್ತು. ಇನ್‌ಸ್ಟಾಲೇಷನ್ ಡಿಸ್ಕು ತಂದಿದ್ದೆ. ಡಿಸ್ಕು ಒಳಗೆ ಹಾಕಿ ಆನ್ ಮಾಡಿದರೆ ಅದು ಡಿಸ್ಕಿನಿಂದ ಎದ್ದು, ಎಲ್ಲವನ್ನೂ ಹೊಸದಾಗಿ ಹಾಕಿಕೊಳ್ಳಬೇಕು. ಹಾಕಿದೆ. ಡ್ರೈವಿನ ದೀಪ ಮಿನುಗಿತು, ಒಳಗೆ ಗುರ್ ಅಂದಿತು, ಸುಮ್ಮನಾಯಿತು. ಮತ್ತೆ ಅದೇ ಕಪ್ಪು ಪರದೆ. ಆರಿಸಿದೆ, ಹಾಕಿದೆ. ಏಳು ಸಲ. ನನಗೆ ಗೊತ್ತಿದ್ದ ಇನ್ನೊಂದು ರಿಪೇರಿ ಕೈಯಲ್ಲಿ ತಟ್ಟುವುದು. ಅದನ್ನೂ ಮಾಡಿದೆ. ಒಂಬತ್ತಕ್ಕೆ ಬೈಕು ಹತ್ತಿ ಪಾಂಡವಪುರಕ್ಕೆ ಹೊರಟೆ.

"ಪೇಟೇಲೇ ಇಬ್ರು ಮೆಕಾನಿಕ್ ಅವ್ರಲ್ಲ, ಅವ್ರ್ನ ಕರೀನಿಲ್ವಾ?" ಅಂದರು ಮೇಷ್ಟ್ರು.

"ಅವ್ರಿಗೂ ನಂಗೂ ಮಾತಿಲ್ಲ ಮೇಷ್ಟ್ರೇ. ಅದೊಂದ್ ದೊಡ್ ಕತೆ."

"ಕತೆ ಬ್ಯಾಡ. ಯಾವ್ ಸಾಮಾನಲ್ಲಿ ಟೋಪಿ ಆಕ್ದೆ, ಅಷ್ಟ್ ಯೋಳು."

ನಾನು ಮಾತು ತಿರುಗಿಸಿ ಜಯಕ್ಕನ ಹೆಸರು ಎತ್ತಿದೆ. ಅವರ ಮುಖ ಬದಲಾಯಿತು. "ಕಿಕ್ಕೇರಿ ಜಯಮ್ಮನಾ? ಸೀನಿಯರ್ ಟೈಪಿಂಗ್ ಪಾಸ್ ಮಾಡ್ತಲ್ಲ, ಆ ಎಣ್ಣಾ? ಎಡಗೈ ಕಿರುಬೆಳ್ಳು ಸ್ಯಾನೆ ಚೆನ್ನಾಗಿತ್ತು" ಅಂತ ಚೀಲ ಎತ್ತಿಕೊಂಡರು. ಶಿಷ್ಯರ ಹೆಸರು ಮರೆತರೂ ಬೆರಳು ಮರೆಯುತ್ತಿರಲಿಲ್ಲ. ಬೈಕಿನ ಹಿಂದೆ ಕೂತು ದಾರಿಯುದ್ದಕ್ಕೂ, ಬ್ರೇಕು ಹಿಡಿಯುವುದರಿಂದ ಹಿಡಿದು ಅಂಗಿ ತೊಡುವವರೆಗೆ, ನನ್ನನ್ನು ತಿದ್ದುತ್ತ ಬಂದರು.

ಹನ್ನೆರಡಕ್ಕೆ ಮುಟ್ಟಿದೆವು. ಜಯಕ್ಕ ಹೊಲಿಗೆ ಮಿಷನ್ನಿಗೆ ಬಟ್ಟೆ ಹೊದೆಸಿ, ನೆಲ ಸಾರಿಸಿ, ಸಾಹೇಬರಿಗೆ ಒಂದು ಕುರ್ಚಿ ಒರೆಸಿಟ್ಟಿದ್ದಳು.

"ಏನ್ ಮಾಡ್ದವ್ವ?" ಅಂದರು ಮೇಷ್ಟ್ರು.

"ಕರೆಂಟ್ ಓಯ್ತು, ಬಂತು, ಓಯ್ತು, ಬಂತು ಸಾರ್. ಮೂರನೇ ಸರ್ತಿ ಅದ್ ಬಂತು, ಇದ್ ಬರ್ನಿಲ್ಲ."

"ಅಷ್ಟೇನಾ?"

"ಬೆಳಿಗ್ಗೆ ಅಣ್ಣ ಬಂದು ಎರಡೇಟ್ ಹೊಡ್ದ."

ಮೇಷ್ಟ್ರು ನನ್ನ ಕಡೆ ನೋಡಿ, ಎಲೆ ಹಾಸಿದರು.

ಮೊದಲು ಆನ್ ಮಾಡಿದ ಕೂಡಲೇ ಒಂದು ಕೀಲಿ ಒತ್ತಿ, ಕಂಪ್ಯೂಟರಿನ ಒಳಮನೆಯ ನೀಲಿ ಪುಟವೊಂದನ್ನು ತೆರೆದರು. ಅದರಲ್ಲಿ ವರ್ಷ ಹತ್ತು ಹದಿನೈದು ಹಿಂದಕ್ಕೆ ಹೋಗಿ ನಿಂತಿತ್ತು. "ಸೆಲ್ ಸತ್ತದೆ" ಅಂದರು. ಒಳಗೆ ಬಿಲ್ಲೆಯಂಥ ಒಂದು ಸೆಲ್ಲು ಇರುತ್ತದೆ. ಅದು ಸತ್ತರೆ ಕಂಪ್ಯೂಟರಿಗೆ ಮರೆವು. ಮೊದಲು ಡಿಸ್ಕು ನೋಡು, ಆಮೇಲೆ ಒಳಗೆ ನೋಡು ಅಂತ ಹೇಳಿಕೊಟ್ಟರೆ, ಆರಿಸಿದ ಕೂಡಲೇ ಮರೆತು ಮತ್ತೆ ಕೆಟ್ಟ ಬಾಗಿಲನ್ನೇ ಬಡಿಯುತ್ತದೆ. ಜೇಬಿನಿಂದ ಹೊಸ ಸೆಲ್ಲು ತೆಗೆದು ಹಾಕಿದರು. ಮೊದಲು ಡಿಸ್ಕು ನೋಡು ಅಂತ ಮತ್ತೆ ಕಲಿಸಿದರು. ಆನ್ ಮಾಡಿದರು. ದೀಪ ಮಿನುಗಿತು, ಗುರ್ ಅಂದಿತು, ಸುಮ್ಮನಾಯಿತು.

ನನ್ನ ಡಿಸ್ಕನ್ನು ಬನಿಯನ್ನಿನ ಅಂಚಿನಲ್ಲಿ ಒರೆಸಿದರು. ಇಲ್ಲ. ವೈರು ಬಿಚ್ಚಿ ಊದಿ ಹಾಕಿದರು. ಇಲ್ಲ. ಕೊನೆಗೆ ಚೀಲದಿಂದ ತಮ್ಮದೊಂದು ಹಳೆಯ ಡಿಸ್ಕು ತೆಗೆದರು. ಬರೀ ಪರೀಕ್ಷೆಗೆ ಇಟ್ಟುಕೊಂಡದ್ದು. ಅದನ್ನು ಹಾಕಿದ ಅರೆನಿಮಿಷದಲ್ಲಿ ಪರದೆಯ ತುಂಬ ಅಕ್ಷರ ಹರಿಯಿತು.

"ನನ್ ಡಿಸ್ಕು ಓದ್ತದೆ, ನಿನ್ ಡಿಸ್ಕು ಓದಲ್ಲ. ನಿಂದು ಕೆಟ್ಟದೆ ಕಣ್ಲಾ."

"ನಿನ್ನೆ ಇದೇ ಡಿಸ್ಕಲ್ಲಿ ಸಂತೆಬಾಚಹಳ್ಳೀಲಿ ಎರಡ್ ಮಿಷನ್ ಮಾಡಿವ್ನಿ ಮೇಷ್ಟ್ರೇ."

"ದಿಟ?"

"ಆಣೆ."

"ಯಾರ್ ಮೇಲೆ?"

ಕೈಗೆ ಹತ್ತಿರ ಇದ್ದದ್ದು ಲಕ್ಷ್ಮಿ. "ಇಕೋ, ಈ ತಾಯಿ ಮೇಲೆ" ಅಂತ ಡ್ರೈವಿನ ಮೂತಿಯನ್ನು ಮುಟ್ಟಿದೆ.

ನನ್ನ ಮೂವತ್ತು ವರ್ಷದ ವ್ಯಾಪಾರದಲ್ಲಿ ಇಷ್ಟು ದಡ್ಡತನದ ಕೆಲಸ ಇನ್ನೊಂದು ಮಾಡಿಲ್ಲ. ಮೇಷ್ಟ್ರ ಕಣ್ಣು ನನ್ನ ಬೆರಳಿನ ಜೊತೆ ಬಂದು ಲಕ್ಷ್ಮಿಯ ಮೇಲೆ ಕೂತಿತು, ಅಲ್ಲಿಂದ ಏಳಲಿಲ್ಲ. ನನ್ನ ಡಿಸ್ಕನ್ನು ಬೆಳಕಿಗೆ ಹಿಡಿದು ಅದರ ಮೇಲಿನ ಅಕ್ಷರ ಓದಿದರು. ಮತ್ತೆ ಲಕ್ಷ್ಮಿಯನ್ನು ನೋಡಿದರು.

"ಈ ಲಕ್ಷ್ಮೀನ ಯಾರವ್ವ ಅಂಟ್ಸಿದ್ದು?"

"ಬರೋವಾಗ್ಲೇ ಇತ್ತು ಸಾರ್. ಅಣ್ಣ ಪೂಜೆ ಮಾಡಿಯೇ ಕಳ್ಸದಂತೆ."

"ಪೂಜೆ ಮಾಡಿಯೇ" ಅಂದರು ಮೇಷ್ಟ್ರು, ನನ್ನ ಮುಖ ನೋಡುತ್ತ.

ಆಗ ನೆನಪಾಯಿತು. ಜಯಕ್ಕ ಬೆಲೆ ಕೆರೆದು ಹೋದ ಮಾರನೆಯ ದಿನ ನಾಗಮಂಗಲದ ಮದುವೆ ವಿಡಿಯೋದವನೊಬ್ಬ ಡಿವಿಡಿ ಓದುವ ಡ್ರೈವ್ ಬೇಕೇ ಬೇಕು ಅಂತ ಅಂಗಡಿಯಲ್ಲಿ ಕೂತ. ಕಳಿಸಲು ಸಿದ್ಧವಾಗಿದ್ದ ಜಯಕ್ಕನ ಯಂತ್ರದಿಂದ ಅದನ್ನು ಕಿತ್ತು ಅವನಿಗೆ ಕೊಟ್ಟು, ಆ ಜಾಗಕ್ಕೆ ಬರೀ ಸಿಡಿ ಓದುವ ಹಳೇದೊಂದನ್ನು ತುರುಕಿದ್ದೆ. ಹೊರಗಿನಿಂದ ಎರಡೂ ಒಂದೇ. ಮೂತಿಯ ಮೇಲಿನ ಅಕ್ಷರ ಮಾತ್ರ ಬೇರೆ. ಅದರ ಮೇಲೆ ಲಕ್ಷ್ಮಿ ಕೂತಳು. ಇವಳು ನನ್ನ ಎಲುಬು ಕೆರೆದಳಲ್ಲ, ನಾನೂ ಅವಳದೊಂದು ಎಲುಬು ಕಿತ್ತೆ ಅಂತ ಆಗ ಸಮಾಧಾನ ಮಾಡಿಕೊಂಡು, ಆಮೇಲೆ ಮರೆತೇಬಿಟ್ಟಿದ್ದೆ.

"ಅಂಟ್ಸಿದೋನೇ ತೆಗೀಲಿ" ಅಂದರು ಮೇಷ್ಟ್ರು. "ಓಗು, ಕೈ ತೊಳ್ಕಂಡ್ ಬಾ."

"ದೇವ್ರನ್ನ ಕೀಳದು ಚೆನ್ನಾಗಿರಲ್ಲ ಮೇಷ್ಟ್ರೇ" ಅಂದೆ.

ಜಯಕ್ಕನೂ ಗಾಬರಿಯಾದಳು. "ಬ್ಯಾಡ ಸಾರ್, ಇವತ್ತು ಶುಕ್ರವಾರ ಬೇರೆ. ಸಾಹೇಬ್ರು ಬರೋ ದಿನ."

"ತೆಗೆದು ನಿನ್ ಹೊಲಿಗೆ ಮಿಷನ್ ಮ್ಯಾಲೆ ಅಂಟಿಸ್ಕಳವ್ವ. ಅದು ನಿಂಗೆ ಯಾವತ್ತೂ ಕೈ ಕೊಟ್ಟಿಲ್ಲ."

ಕೈ ತೊಳೆದು ಬಂದೆ. ಎಂಟು ತಿಂಗಳ ಕುಂಕುಮ ಅಂಟಿನೊಳಗೆ ಇಳಿದು ಗಟ್ಟಿಯಾಗಿತ್ತು. ಉಗುರು ಹಾಕಿ ನಿಧಾನಕ್ಕೆ ಎಬ್ಬಿಸಿದೆ. ಹಿಂದಿದ್ದ ಅಕ್ಷರಗಳನ್ನು ಜಯಕ್ಕ ಬಗ್ಗಿ ಓದಿದಳು. ಸೀನಿಯರ್ ಪಾಸ್ ಮಾಡಿದವಳು. ಇಂಗ್ಲಿಷ್ ಅಕ್ಷರ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಇದು ಸಿಡಿ ಓದೋ ಡ್ರೈವು. ನನ್ ಡಿಸ್ಕು ಸಿಡಿ, ಇವಂದು ಡಿವಿಡಿ" ಅಂದರು ಮೇಷ್ಟ್ರು. "ನೋಡಕ್ ಎರಡೂ ಒಂದೇ ದುಂಡು. ಒಳಗೆ ಬರ್ದಿರೋದು ಮಾತ್ರ ಸ್ಯಾನೆ ಸಣ್ಣ. ಒಂದನೇ ಕ್ಲಾಸ್ ಮಗೀಗೆ ಪಹಣಿ ಓದು ಅಂದಂಗಾಯ್ತದೆ."

"ಡಿವಿಡೀದೇ ಅದೆ ಅಂದಿದ್ಯಲ್ಲಣ್ಣ ನೀನು" ಅಂದಳು ಜಯಕ್ಕ.

ಇಂಥ ಹೊತ್ತಿಗೆ ನನ್ನ ನಾಲಿಗೆಯ ಮೇಲೆ ಹತ್ತು ಉತ್ತರ ತಯಾರಿರುತ್ತವೆ. ಬೆಂಗಳೂರಿನವರು ಮೋಸ ಮಾಡಿದರು ಅನ್ನಬಹುದಿತ್ತು. ಹುಡುಗರು ಅದಲುಬದಲು ಮಾಡಿದರು ಅನ್ನಬಹುದಿತ್ತು. ನನ್ನ ಅಂಗಡಿಯಲ್ಲಿ ಹುಡುಗರೇ ಇಲ್ಲ, ಅದು ಅವಳಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಎಲೆಯ ಮೇಲಿನ ಸ್ಕ್ರೂಗಳನ್ನು ಬೆರಳಿನಿಂದ ಸರಿಮಾಡುತ್ತ ಕೂತಿದ್ದರು.

"ಇತ್ತು ಕಣಕ್ಕ. ನಾನೇ ಕಿತ್ತು ನಾಗಮಂಗಲದೋನ್ಗೆ ಆಕ್ಬುಟ್ಟೆ."

ಜಯಕ್ಕ ಗಡಿಯಾರ ನೋಡಿದಳು. ಒಂದು ಗಂಟೆ. "ಬೈಯದು ಆಮೇಲ್ ಬೈತೀನಿ. ಈಗ ಡಿವಿಡೀದು ಎಲ್ ಸಿಕ್ತದೆ ಅದ್ ಯೋಳು."

ರಸ್ತೆಯ ಆಚೆ ಸಣ್ಣಪ್ಪನ ಫೋಟೋ ಸ್ಟುಡಿಯೋ. ಅವನ ಕಂಪ್ಯೂಟರಿನಲ್ಲಿ ಡಿವಿಡಿ ಡ್ರೈವ್ ಇದ್ದದ್ದು ನನಗೆ ಗೊತ್ತಿತ್ತು. ಓಡಿದೆ. ಅವನು ಮುದ್ದೆ ಮುರಿಯುತ್ತಿದ್ದ. ಒಂದು ಗಂಟೆಯ ಮಟ್ಟಿಗೆ ಡ್ರೈವ್ ಕೊಡು ಅಂದೆ.

"ನಿಂಗಾ?" ಅಂತ ತನ್ನ ಮಾನಿಟರಿನ ಕಡೆ ಮುದ್ದೆಯ ಕೈ ತೋರಿಸಿದ. ಅದರ ಮೂಲೆಯಲ್ಲಿ ನನ್ನ ಗಣೇಶ ಇದ್ದ. ಗಣೇಶನ ಎರಡೂ ಕಿವಿಯ ಆಚೆಗೆ ಬಿರುಕು ಬೆಳೆದಿತ್ತು. "ಬೇಕಾರೆ ಈ ಗಣೇಶನ್ನ ವಾಪಸ್ ಕೊಡ್ತೀನಿ. ಡ್ರೈವ್ ಕೊಡಲ್ಲ."

"ನಂಗಲ್ಲ ಕಣಪ್ಪ, ಜಯಕ್ಕಂಗೆ."

"ಜಯಕ್ಕಂಗೆ ಕೊಡ್ತೀನಿ. ನಿನ್ ಕೈಗ್ ಕೊಡಲ್ಲ."

ವಾಪಸ್ ಬಂದು ಹೇಳಿದೆ. ಮೇಷ್ಟ್ರು ಮಂಡಿ ಹಿಡಿದುಕೊಂಡು ಎದ್ದು, ರಸ್ತೆ ದಾಟಿದರು. ಅವರು ಹಿಂದೊಮ್ಮೆ ಸಣ್ಣಪ್ಪನ ಹಳೇ ಕ್ಯಾಮೆರಾ ನೋಡಿ, ಇದಕ್ಕೆ ದುಡ್ಡು ಹಾಕುವವನು ಮುಟ್ಠಾಳ ಅಂತ ಬೈದು, ರಿಪೇರಿ ಮಾಡದೆ ಕಳಿಸಿದ್ದರಂತೆ. ಅಷ್ಟೇ ಅವರಿಬ್ಬರ ಸ್ನೇಹ. "ಒಂದ್ ಗಂಟೆಗೆ ಡ್ರೈವ್ ಕೊಡಪ್ಪ. ನಾನೇ ಬಿಚ್ಕತೀನಿ, ನಾನೇ ತಂದ್ ಆಕ್ತೀನಿ" ಅಂದರು.

ಸಣ್ಣಪ್ಪ ಕೈ ತೊಳೆದು ಎದ್ದ. "ಎರಡ್ ಗಂಟೆ ಆದ್ರೂ ಇಟ್ಕಳಿ ಮೇಷ್ಟ್ರೇ" ಅಂದ. ಆಮೇಲೆ ನನ್ನ ಕಡೆ ತಿರುಗಿ, "ನೀನ್ ಏನೂ ಮುಟ್ಬ್ಯಾಡ" ಅಂದ.

ಒಂದೂ ಮುಕ್ಕಾಲಿಗೆ ಡಿಸ್ಕು ಎದ್ದಿತು. ಈ ಸಲ ಗುರ್ ಅಂದು ಸುಮ್ಮನಾಗಲಿಲ್ಲ. ಪರದೆಯ ಕೆಳಗೆ ಪಟ್ಟಿಯೊಂದು ಹುಳದ ಹಾಗೆ ತೆವಳಲು ಶುರು ಮಾಡಿತು. ಜಯಕ್ಕ ಊಟ ಮಾಡಲಿಲ್ಲ, ಮೇಷ್ಟ್ರೂ ಮಾಡಲಿಲ್ಲ. ನಾನು ಮಾಡೋಣ ಅಂದುಕೊಂಡೆ, ಯಾರೂ ಕರೆಯಲಿಲ್ಲ. ಎರಡೂವರೆ ಆಯಿತು. ಮಾಜಿ ಸದಸ್ಯನ ಬಾಮೈದ ಇಸ್ತ್ರಿ ಅಂಗಿ ಹಾಕಿಕೊಂಡು ಅಂಗಡಿಯ ಮುಂದೆ ಎರಡು ಸಲ ಓಡಾಡಿದ. ಮೂರು ಗಂಟೆಗೆ ಪಟ್ಟಿ ಮುಗಿದಿತ್ತು. ಆದರೆ ಪ್ರಿಂಟರು, ಕನ್ನಡ ಟೈಪಿಂಗು ಇನ್ನೂ ಹಾಕಬೇಕಿತ್ತು. ಸರ್ಕಾರಿ ಕೆಲಸ ನಿಧಾನ ಅಂತ ಬೈಯುವವರಿಗೆಲ್ಲ ಒಂದು ಮಾತು: ಅವತ್ತು ಸಾಹೇಬರು ಬಂದದ್ದು ನಾಲ್ಕು ಗಂಟೆಗೆ, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು. ಆ ಒಂದು ಗಂಟೆಯನ್ನು ನಾನು ಬದುಕಿರುವವರೆಗೂ ಮರೆಯುವುದಿಲ್ಲ.

"ಎಲ್ಲಿ, ಪಿಂಚಣಿ ಅರ್ಜಿ ಒಂದು ಟೈಪ್ ಮಾಡಮ್ಮ" ಅಂದರು ಸಾಹೇಬರು.

ಜಯಕ್ಕ ಕೂತಳು. ಹತ್ತೂ ಬೆರಳು ಕೀಲಿಗಳ ಮೇಲೆ ಇಳಿದವು. ಮೇಷ್ಟ್ರು ಪರದೆಯನ್ನು ನೋಡಲೇ ಇಲ್ಲ. ಬಾಗಿಲ ಹತ್ತಿರ ಬೆನ್ನು ತಿರುಗಿಸಿ ನಿಂತು, ಸದ್ದು ಕೇಳುತ್ತಿದ್ದರು. ಒಂದು ಕಡೆ ಸದ್ದು ತಪ್ಪಿದಾಗ ಅವರ ಕುತ್ತಿಗೆ ಬಿಗಿಯಿತು. ಅವಳು ತಿದ್ದಿ ಮುಂದೆ ಹೋದಾಗ ಸಡಿಲವಾಯಿತು. ಪ್ರಿಂಟು ಬಂತು. ಸಾಹೇಬರು ಓದಿ, ತಮ್ಮ ಕಾಗದಕ್ಕೆ ಸಹಿ ಹಾಕಿ, ನೆಲದ ಮೇಲಿನ ಎಲೆ ನೋಡಿ "ಇದೇನ್ರೀ, ಮಾಟ ಗೀಟ ಮಾಡ್ಸಿದ್ದೀರಾ?" ಅಂದರು.

"ಊಟ ಸ್ವಾಮಿ" ಅಂದರು ಮೇಷ್ಟ್ರು. "ಇನ್ನೂ ಎದ್ದಿಲ್ಲ."

ಸಾಹೇಬರು ಹೋದ ಮೇಲೆ ಮೇಷ್ಟ್ರು ಡ್ರೈವ್ ಬಿಚ್ಚಿ ಸಣ್ಣಪ್ಪನಿಗೆ ತಾವೇ ಹಾಕಿಕೊಟ್ಟು ಬಂದರು. ಅಷ್ಟರಲ್ಲಿ ಜಯಕ್ಕ ನನ್ನನ್ನು ಬೈಯಲು ಶುರು ಮಾಡಿದ್ದಳು. ಅರ್ಧ ಗಂಟೆ ಬೈದಳು. ನನ್ನ ಅಂಗಡಿ, ನನ್ನ ನಾಲಿಗೆ, ನನ್ನ ಮೀಸೆ ಯಾವುದನ್ನೂ ಬಿಡಲಿಲ್ಲ. ನಾಳೆಯೇ ಡಿವಿಡಿ ಡ್ರೈವ್ ತಂದು ಹಾಕುತ್ತೇನೆ ಅಂತ ಒಪ್ಪಿಕೊಂಡೆ. ಮೇಷ್ಟ್ರು ಅಷ್ಟೂ ಹೊತ್ತು ಮುದ್ದೆ ಉಣ್ಣುತ್ತ, ಬೈಗುಳ ನಿಂತಾಗಲೆಲ್ಲ "ಮೀಸೆ ವಿಷ್ಯ ಆಯ್ತಾ?" ಅಂತ ಕೇಳಿ ನೆನಪು ಮಾಡಿಕೊಡುತ್ತಿದ್ದರು.

ವಾಪಸ್ ಬರುವಾಗ ಬೈಕಿನಲ್ಲಿ ಕೇಳಿದೆ: "ನೀವೇ ಕಿತ್ತಾಕಿದ್ರೆ ಆಯ್ತಿತ್ತಲ್ಲ ಮೇಷ್ಟ್ರೇ. ನನ್ ಕೈಲೇ ಯಾಕ್ ಕೀಳ್ಸುದ್ರಿ?"

"ನಾನ್ ಕಿತ್ತಿದ್ರೆ ಅವ್ಳು ಸುಮ್ಕೆ ಇರೋಳು. ಸುಮ್ಕೆ ಇದ್ದು, ಇನ್ ಯಾವತ್ತೂ ನಿನ್ ಅಂಗ್ಡಿ ಮೆಟ್ಲು ಅತ್ತೋಳಲ್ಲ. ನೀನೇ ಕಿತ್ತೆ, ನೀನೇ ಯೋಳ್ದೆ, ಅದಕ್ಕೇ ಬೈದ್ಲು. ಬೈಯೋರು ಇನ್ನೂ ಗಿರಾಕಿ ಕಣ್ಲಾ ಗುಜರಿ" ಅಂದವರು ತಕ್ಷಣವೇ "ಮುಂದೆ ನೋಡ್ಕಂಡ್ ಓಡ್ಸು, ಎಮ್ಮೆ ಬತ್ತಾವೆ" ಅಂದರು.

ಅವತ್ತಿನಿಂದ ನಾನು ಸಾಧುವಾದೆ ಅಂದುಕೊಳ್ಳಬೇಡಿ. ವ್ಯಾಪಾರದಲ್ಲಿ ಎಲ್ಲವನ್ನೂ ಹೇಳಿ ಮಾರಿದವನು ಇನ್ನೂ ಹುಟ್ಟಿಲ್ಲ. ಸ್ಟಿಕ್ಕರು ಈಗಲೂ ಅಂಟಿಸುತ್ತೇನೆ, ಆದರೆ ಪಕ್ಕದ ಬರೀ ತಗಡಿನ ಮೇಲೆ. ಜಯಕ್ಕನ ಕೇಂದ್ರ ಬೆಳೆಯಿತು. ಎರಡನೆಯ ಕಂಪ್ಯೂಟರು, ಮೂರನೆಯದು, ಎಲ್ಲ ನನ್ನ ಹತ್ತಿರವೇ ಕೊಂಡಳು, ಒಂದೇ ಷರತ್ತಿನ ಮೇಲೆ: ಮೊದಲು ಮೇಷ್ಟ್ರು ಬಿಚ್ಚಿ ನೋಡಬೇಕು. ಮೇಷ್ಟ್ರು ಬಿಚ್ಚಿ ನೋಡುವರು, ಅವಳ ಎದುರಿಗೇ ನನ್ನ ಮಾನ ತೆಗೆಯುವರು, ಆಮೇಲೆ "ತಗೋ, ಪರ್ವಾಗಿಲ್ಲ" ಅನ್ನುವರು. ಆ 'ಪರ್ವಾಗಿಲ್ಲ'ದ ಮೇಲೆ ನಾನು ನಾಲ್ಕು ತಾಲ್ಲೂಕಿನಲ್ಲಿ ವ್ಯಾಪಾರ ಮಾಡಿದೆ. ಜಯಕ್ಕ ಕೊಂಡಳು ಅಂದರೆ ಬೇರೆಯವರು ಕೇಳದೆ ಕೊಳ್ಳುತ್ತಿದ್ದರು.

ತಿಥಿ ಕಳೆದು ಹತ್ತು ದಿನಕ್ಕೆ ಜಯಕ್ಕ ನನ್ನ ಅಂಗಡಿಗೆ ಬಂದಳು. ಕೇಂದ್ರಕ್ಕೆ ಇನ್ನೊಂದು ಕಂಪ್ಯೂಟರ್ ಬೇಕಾಗಿತ್ತು. ಪಿಂಚಣಿಯವರ ಸಾಲು ರಸ್ತೆಗೆ ಬರುತ್ತಿದೆಯಂತೆ. ಒಂದನ್ನು ಆರಿಸಿದಳು.

"ಯಾರ್ ಕೈಲಿ ತೋರ್ಸದು ಈಗ?" ಅಂದಳು.

"ಪೇಟೇಲಿ ಇಬ್ರು ಮೆಕಾನಿಕ್ ಅವ್ರೆ. ನಂಗೂ ಅವ್ರಿಗೂ ಮಾತಿಲ್ಲ, ಆದ್ರೂ ಕರೀಲಾ?"

"ಬ್ಯಾಡ. ನೀನೇ ಬಿಚ್ಚು. ಏನೇನ್ ಕೆಟ್ಟದೆ ನೀನೇ ಯೋಳು."

ಸ್ಕ್ರೂಡ್ರೈವರ್ ತೆಗೆದುಕೊಂಡೆ. ಫ್ಯಾನು ಸದ್ದು ಮಾಡುತ್ತದೆ, ಬದಲಾಯಿಸಬೇಕು ಅಂದೆ. ಮುಂದಿನ ಎರಡು ತೂತಿನಲ್ಲಿ ಒಂದಕ್ಕೆ ಪೆನ್‌ಡ್ರೈವ್ ಹಾಕಿದರೆ ಹಿಡಿಯುವುದಿಲ್ಲ ಅಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಒಳಗಿನ ಪವರ್ ಸಪ್ಲೈ ಇದರದ್ದಲ್ಲ, ಬೇರೊಂದರಿಂದ ತೆಗೆದು ಹಾಕಿದ್ದೆ. ಒಂದು ವರ್ಷ ಯಾವ ಮೆಕ್ಯಾನಿಕ್ಕಿಗೂ ಅದು ತಿಳಿಯುತ್ತಿರಲಿಲ್ಲ. ಜಯಕ್ಕ ಪೆಟ್ಟಿಗೆಯ ಒಳಗೆ ನೋಡುತ್ತಲೇ ಇರಲಿಲ್ಲ. ನನ್ನ ಮುಖ ನೋಡುತ್ತಿದ್ದಳು.

ಅದನ್ನೂ ಹೇಳಿದೆ.

"ಅಂಗಾದ್ರೆ ಒಸಿ ಇಳ್ಸು" ಅಂದಳು.

ಅವತ್ತಿನ ಚೌಕಾಸಿಯಷ್ಟು ಕೆಟ್ಟದಾಗಿ ನಾನು ಯಾವತ್ತೂ ಸೋತಿಲ್ಲ. ಮೂರು ದೋಷವನ್ನು ಸ್ವಂತ ಬಾಯಿಂದ ಹೇಳಿ ಆಮೇಲೆ ಬೆಲೆ ಹಿಡಿದು ನಿಲ್ಲುವುದು ಹೇಗೆ ಅಂತ ಗೊತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಿ. ಯಂತ್ರವನ್ನು ಆಟೋಗೆ ಏರಿಸಿದೆ. ಜಯಕ್ಕ ಹತ್ತಿ ಕೂತು, ದೀಪಾವಳಿ ಕಳೆದ ಮೇಲೆ ಇನ್ನೊಂದು ಬೇಕಾಗಬಹುದು ಅಂದಳು.

"ಆಗ ಯಾರ್ನಾದ್ರೂ ಕರ್ಕಂಡ್ ಬಾಕ್ಕ, ನೋಡಕೆ" ಅಂದೆ.

"ಯಾಕೆ?" ಅಂದಳು. "ನೀನ್ ಎಲ್ಲಿಗ್ ಓಗ್ತೀಯ?"